ವಿಷ ಎಲ್ಲಿಗೆ ಹೋಯಿತು? ಕಾರ್ಖಾನೆಯ ನೀರಿನ ಬಗ್ಗೆ ಓದುಗರ ಪ್ರಶ್ನೆಗಳು

ಕಾರ್ಖಾನೆಗಳ ತ್ಯಾಜ್ಯನೀರಿನಲ್ಲಿ ಕರಗಿರುವ ಲೋಹ ಮತ್ತು ಬಣ್ಣಗಳನ್ನು ಇದ್ದಿಲು, ಜೇಡಿಮಣ್ಣು, ಸಿಗಡಿಯ ಚಿಪ್ಪಿನಂಥ ಅಗ್ಗದ ವಸ್ತುಗಳಿಂದ ಹಿಡಿದು ತೆಗೆಯಬಹುದು, ಅದಕ್ಕಾಗಿ ಆ ವಸ್ತುಗಳ ಮೇಲ್ಮೈಯನ್ನು ರಾಸಾಯನಿಕವಾಗಿ ಮಾರ್ಪಡಿಸುತ್ತಾರೆ ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಚುಟುಕಾಗಿ ಬರೆದಿದ್ದೆ. ಮುಂಬಯಿ, ಪುಣೆ, ಗೋವಾಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾರ್ಖಾನೆಯೊಳಗೆ ದುಡಿಯುವವರು ಅಥವಾ ಅದರ ಕಾಂಪೌಂಡಿನಾಚೆ ವಾಸಿಸುವವರು ಬರೆದವು. ಅವುಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೆಲಸಕ್ಕೆ ತೊಂದರೆಯಾಗಬಾರದೆಂದು ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಬೆಳಗಾವಿ ಕಡೆಯವನು, ಪುಣೆಯ ಭೋಸರಿಯಲ್ಲಿ ಸಣ್ಣ ಕ್ರೋಮ್ ಪ್ಲೇಟಿಂಗ್ ಘಟಕವೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ದಿನಕ್ಕೆ ಸುಮಾರು 5,000 ಲೀಟರ್ ತೊಳೆದ ನೀರು ಬರುತ್ತದೆ. ಅದರಲ್ಲಿ ಲೀಟರಿಗೆ 50 ಮಿಲಿಗ್ರಾಂ ಆಸುಪಾಸು ಕ್ರೋಮ್ ಸಿಕ್ಸ್ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಇರುತ್ತದೆ. ಈಗ ಮೆಟಾಬೈಸಲ್ಫೈಟ್ ಹಾಕಿ, ಆಮೇಲೆ ಸುಣ್ಣ ಹಾಕಿ ಗಸಿ ಇಳಿಸುತ್ತೇವೆ. ಕಬ್ಬಿಣ ಸೇರಿಸಿದ ಇದ್ದಿಲ ಪುಡಿಯೊಂದನ್ನು ತಂದ ಮಾರಾಟಗಾರರು, ಒಂದು ಗ್ರಾಂ ಪುಡಿ 50 ಮಿಲಿಗ್ರಾಂ ಕ್ರೋಮಿಯಂ ಹಿಡಿಯುತ್ತದೆ, ಇನ್ನು ರಾಸಾಯನಿಕವೂ ಬೇಡ, ಗಸಿಯ ಗೋಜೂ ಇಲ್ಲ ಎನ್ನುತ್ತಿದ್ದಾರೆ. ಮಾಲೀಕರು ನನ್ನ ಅಭಿಪ್ರಾಯ ಕೇಳಿದ್ದಾರೆ. ಏನು ಹೇಳಲಿ?

ಉತ್ತರ: ಮಾರಾಟಗಾರರು ಕೊಟ್ಟ ಅಂಕಿಯನ್ನೇ ನಂಬಿ ಲೆಕ್ಕ ಹಾಕೋಣ. ನಿಮ್ಮ 5,000 ಲೀಟರ್ ನೀರಿನಲ್ಲಿ ದಿನಕ್ಕೆ 250 ಗ್ರಾಂ ಕ್ರೋಮಿಯಂ ಇರುತ್ತದೆ. ಗ್ರಾಂಗೆ 50 ಮಿಲಿಗ್ರಾಂ ಎಂದಾದರೆ ಅದನ್ನು ಹಿಡಿಯಲು ದಿನಕ್ಕೆ 5 ಕಿಲೋ, 25 ದಿನ ಕೆಲಸ ನಡೆಯುವ ತಿಂಗಳಿಗೆ 125 ಕಿಲೋ ಪುಡಿ ಬೇಕು. ಆದರೆ ಇಂಥ ಅಂಕಿಗಳು ಸಾಮಾನ್ಯವಾಗಿ ಶುದ್ಧ ನೀರಿನಲ್ಲಿ ಕ್ರೋಮಿಯಂ ಒಂದನ್ನೇ ಕರಗಿಸಿ, ಪಿಎಚ್ (ಆಮ್ಲ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ) ಅನ್ನು 2ರ ಸುಮಾರಿಗೆ ಇಳಿಸಿ, ಪುಡಿ ಇನ್ನು ಹಿಡಿಯದು ಎನ್ನುವವರೆಗೆ ಕಲಕಿ ಪಡೆದ ಗರಿಷ್ಠ ಅಂಕಿಗಳು. ನಿಮ್ಮ ಟ್ಯಾಂಕಿನ ನೀರಿನಲ್ಲಿ ಸಲ್ಫೇಟ್, ಕ್ಲೋರೈಡ್, ಒಂದಿಷ್ಟು ಎಣ್ಣೆ, ಬೇರೆ ಲೋಹಗಳು ಎಲ್ಲವೂ ಇರುತ್ತವೆ, ಮತ್ತು ಅವು ಕೂಡ ಪುಡಿಯ ಮೇಲಿನ ಅದೇ ಜಾಗಗಳಿಗಾಗಿ ಪೈಪೋಟಿ ನಡೆಸುತ್ತವೆ. ಅರ್ಧ ಸಾಮರ್ಥ್ಯ ದಕ್ಕಿತೆಂದುಕೊಂಡರೆ ತಿಂಗಳಿಗೆ 250 ಕಿಲೋ ಪುಡಿ ಬೇಕಾಗುತ್ತದೆ, ಮತ್ತು ಬಳಸಿದ ಮೇಲೆ ಅಷ್ಟೂ ಅಪಾಯಕಾರಿ ತ್ಯಾಜ್ಯವಾಗುತ್ತದೆ. ಈಗ ಹಳೆಯ ವಿಧಾನವನ್ನು ನೋಡಿ. ಅದೇ 250 ಗ್ರಾಂ ಕ್ರೋಮ್ ಸಿಕ್ಸ್ ಅನ್ನು ಅಷ್ಟು ವಿಷವಲ್ಲದ ಕ್ರೋಮ್ ತ್ರೀ ಆಗಿ ಪರಿವರ್ತಿಸಲು ಸಮೀಕರಣದ ಪ್ರಕಾರ ಸುಮಾರು 700 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಸಾಕು. ಅದರಿಂದ ಹುಟ್ಟುವ ಕ್ರೋಮಿಯಂ ಹೈಡ್ರಾಕ್ಸೈಡ್ ಒಣ ತೂಕದಲ್ಲಿ ಅರ್ಧ ಕಿಲೋ ಮಾತ್ರ. ಒದ್ದೆ ಗಸಿಯ ತೂಕ ಅದರ ಹಲವು ಪಟ್ಟು ಆಗುವುದು ನಿಜ, ಆದರೂ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಮಾಲೀಕರ ಮುಂದಿಡಿ. ದಟ್ಟವಾಗಿ ಕರಗಿದ ಕ್ರೋಮಿಯಂಗೆ ನೀವು ಮಾಡುತ್ತಿರುವುದೇ ಸರಿಯಾದ ಕ್ರಮ. ಪಿಎಚ್ 2ರಿಂದ 3ರ ನಡುವೆ ಇರುವಾಗ ಮೆಟಾಬೈಸಲ್ಫೈಟ್ ಹಾಕಿ, ಹಳದಿ ನೀರು ಪೂರ್ತಿಯಾಗಿ ಹಸಿರಾದ ಮೇಲೆ ಪಿಎಚ್ ಅನ್ನು 8ರಿಂದ 9ಕ್ಕೆ ಏರಿಸಬೇಕು. ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಅತಿಯಾದರೆ ಇಳಿದ ಕ್ರೋಮಿಯಂ ಮತ್ತೆ ಕರಗತೊಡಗುತ್ತದೆ ಎಂಬುದನ್ನು ರಾತ್ರಿ ಪಾಳಿಯವರಿಗೂ ತಿಳಿಸಿ.

ಹಾಗಾದರೆ ಪುಡಿ ಸುಳ್ಳೇ ಎಂದು ಕೇಳಬಹುದು. ಅದು ಸುಳ್ಳಲ್ಲ, ಅದಕ್ಕೆ ತಕ್ಕ ಸ್ಥಳ ಬೇರೆ ಇದೆ. ಕ್ರೋಮ್ ಸಿಕ್ಸ್ ನೀರಿನಲ್ಲಿ ಲೋಹದ ಧನ ಅಯಾನಾಗಿ (ಧನ ಆವೇಶದ ಕಣವಾಗಿ) ಇರದೆ ಆಮ್ಲಜನಕದೊಂದಿಗೆ ಕೂಡಿಕೊಂಡು ಕ್ರೋಮೇಟ್ ಎಂಬ ಋಣ ಅಯಾನಾಗಿ ಇರುತ್ತದೆ. ಸಾಮಾನ್ಯ ಇದ್ದಿಲಿನ ಮೇಲ್ಮೈಗೂ ತಟಸ್ಥ ನೀರಿನಲ್ಲಿ ಋಣ ಆವೇಶವೇ ಇರುವುದರಿಂದ ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ಅದಕ್ಕಾಗಿಯೇ ಇದ್ದಿಲಿಗೆ ಕಬ್ಬಿಣದ ಲವಣವನ್ನೋ ಅಮೈನ್ ಎಂಬ ಸಾರಜನಕದ ಗುಂಪನ್ನೋ ಕೂಡಿಸುತ್ತಾರೆ, ಇಲ್ಲವೇ ನೀರನ್ನು ಆಮ್ಲೀಯಗೊಳಿಸಿ ಮೇಲ್ಮೈಗೆ ಧನ ಆವೇಶ ಬರುವಂತೆ ಮಾಡುತ್ತಾರೆ. ಮಾರ್ಪಡಿಸುವುದೆಂದರೆ ಮೂಲತಃ ಇಷ್ಟೇ: ಯಾರನ್ನು ಹಿಡಿಯಬೇಕೋ ಅವರ ಸ್ವಭಾವಕ್ಕೆ ತಕ್ಕಂತೆ ಮೇಲ್ಮೈಯನ್ನು ಸಜ್ಜುಗೊಳಿಸುವುದು. ನಿಮ್ಮ ಸುಣ್ಣದ ಟ್ಯಾಂಕಿನ ಆಚೆ, ಲೀಟರಿಗೆ ಒಂದೆರಡು ಮಿಲಿಗ್ರಾಂ ಲೋಹ ಉಳಿದ ನೀರಿಗೆ, ಇಂಥ ಪುಡಿಯ ಸ್ತಂಭವನ್ನು, ಅಂದರೆ ಪುಡಿ ತುಂಬಿ ನೀರು ಹಾಯಿಸುವ ಕೊಳವೆಯನ್ನು, ಕೊನೆಯ ಕಾವಲಾಗಿ ಇಡುವುದು ಒಳ್ಳೆಯ ಯೋಚನೆ. ಅಲ್ಲಿ ದಿನಕ್ಕೆ ಹಿಡಿಯಬೇಕಾದದ್ದು 5-10 ಗ್ರಾಂ ಮಾತ್ರವಾದ್ದರಿಂದ ಪುಡಿ ಬಹುಕಾಲ ಬರುತ್ತದೆ. ಆ ನೀರು ಕ್ಷಾರೀಯವಾಗಿರುವುದರಿಂದ ಅದೇ ಪಿಎಚ್‌ನಲ್ಲಿ ಪುಡಿಯ ಸಾಮರ್ಥ್ಯವೆಷ್ಟು ಎಂದು ಮಾರಾಟಗಾರರನ್ನು ಕೇಳಿ, ನಿಮ್ಮದೇ ನೀರಿನಲ್ಲಿ, ನಿಮ್ಮ ಕಣ್ಣೆದುರೇ ಪರೀಕ್ಷೆ ಮಾಡಿಸಿ.

ಇನ್ನೊಂದು ಎಚ್ಚರ. ಕ್ರೋಮ್ ಸಿಕ್ಸ್‌ನ ಬಿಡುಗಡೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಒಟ್ಟು ಕ್ರೋಮಿಯಂ ಮಿತಿ 2 ಮಿಲಿಗ್ರಾಂ. ಆಮ್ಲೀಯ ನೀರಿನಲ್ಲಿ ಇದ್ದಿಲು ಕ್ರೋಮ್ ಸಿಕ್ಸ್‌ನ ಒಂದಂಶವನ್ನು ಕ್ರೋಮ್ ತ್ರೀ ಮಾಡಿ ಮರಳಿ ನೀರಿಗೇ ಬಿಡುವುದುಂಟು. ಆಗ ಕ್ರೋಮ್ ಸಿಕ್ಸ್ ಪರೀಕ್ಷೆ ಸೊನ್ನೆ ತೋರಿಸುತ್ತದೆ, ಆದರೆ ಕ್ರೋಮಿಯಂ ನೀರಿನಲ್ಲೇ ಇರುತ್ತದೆ. ಆದ್ದರಿಂದ ಎರಡನ್ನೂ ಅಳೆಯಿಸಿ. ಕಣ್ಣನ್ನಂತೂ ನಂಬಬೇಡಿ. ಬಹಳ ವರ್ಷಗಳ ಹಿಂದೆ ಠಾಣೆ-ಬೇಲಾಪುರ ರಸ್ತೆಯ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಇದ್ದಿಲ ಸ್ತಂಭದಿಂದ ಹೊರಬಂದ ನೀರು ಬಾವಿಯ ನೀರಿನಷ್ಟು ತಿಳಿಯಾಗಿದೆಯೆಂದು ಒಂದು ವಾರ ಪರೀಕ್ಷೆಯನ್ನೇ ಮಾಡದೆ ಹರಿಯಬಿಟ್ಟಿದ್ದರು. ಎಂಟನೆಯ ದಿನ ಆ ನೀರನ್ನು ಗಾಜಿನ ನಳಿಗೆಗೆ ಹಾಕಿ, ಆಮ್ಲ ಬೆರೆಸಿ, ಕ್ರೋಮ್ ಸಿಕ್ಸ್ ಇದ್ದರೆ ನೇರಳೆಯಾಗುವ ಡೈಫಿನೈಲ್ ಕಾರ್ಬಜೈಡ್ ದ್ರಾವಣವನ್ನು ಎರಡು ಹನಿ ಬಿಟ್ಟೆ. ಹನಿ ಬಿದ್ದಲ್ಲಿಂದ ನೇರಳೆ ಬಣ್ಣ ಎಳೆಎಳೆಯಾಗಿ ಇಳಿದು, ಅಲುಗಾಡಿಸುವಷ್ಟರಲ್ಲಿ ಇಡೀ ನಳಿಗೆ ನೇರಳೆ ಹಣ್ಣಿನ ರಸದಂತಾಯಿತು. ಸ್ತಂಭ ಯಾವತ್ತೋ ತುಂಬಿಹೋಗಿತ್ತು. ಆ ಒಂದು ವಾರದ ನೀರು ಖಾಡಿ (ಸಮುದ್ರದ ಹಿನ್ನೀರು) ಸೇರಿಯಾಗಿತ್ತು.

ಕೊನೆಯದಾಗಿ, ಪುಡಿಗೆ ಹಣ ಹಾಕುವ ಮೊದಲು ತೊಳೆಯುವ ಕ್ರಮವನ್ನು ನೋಡಿ. ಬಾತ್‌ನಿಂದ (ಲೋಹ ಲೇಪಿಸುವ ದ್ರಾವಣದ ಟ್ಯಾಂಕಿನಿಂದ) ಎತ್ತಿದ ಸಾಮಾನನ್ನು ಅದರ ಮೇಲೆಯೇ ಹತ್ತು ಸೆಕೆಂಡು ಹಿಡಿದು ಹನಿ ಇಳಿಯಗೊಟ್ಟರೆ ಅಷ್ಟು ಕ್ರೋಮಿಯಂ ನಿಮ್ಮಲ್ಲೇ ಉಳಿಯುತ್ತದೆ. ಅಂಟಿಕೊಂಡು ಬಂದ ಒಂದು ಲೀಟರ್ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಲು ಒಂದೇ ತೊಳೆ ಟ್ಯಾಂಕಿನಲ್ಲಿ ಸಾವಿರ ಲೀಟರ್ ನೀರು ಬೇಕು. ಎರಡು ಟ್ಯಾಂಕುಗಳನ್ನಿಟ್ಟು, ಸಾಮಾನು ಹೋಗುವ ದಿಕ್ಕಿಗೆ ಎದುರಾಗಿ ನೀರು ಹರಿಸಿದರೆ ಮೂವತ್ತೆರಡು ಲೀಟರಿನಷ್ಟು ಸಾಕಾಗುತ್ತದೆ. ನಾನು ಕಂಡ ಎಲ್ಲ ಪ್ಲೇಟಿಂಗ್ ಘಟಕಗಳಲ್ಲೂ ಅತ್ಯಂತ ಅಗ್ಗವಾದ ಶುದ್ಧೀಕರಣ ಇದೇ.

ಪ್ರಶ್ನೆ: ನಾನು ಮುಲುಂಡ್‌ನಲ್ಲಿರುವ ಎಂಎಸ್ಸಿ ವಿದ್ಯಾರ್ಥಿನಿ. ಊರಿನಿಂದ ತಂದ ತೆಂಗಿನ ಗೆರಟೆಯನ್ನು ಸುಟ್ಟು, ಫಾಸ್ಫಾರಿಕ್ ಆಮ್ಲದಿಂದ ಸಂಸ್ಕರಿಸಿ ಇದ್ದಿಲು ತಯಾರಿಸಿದೆ. 100 ಮಿಲಿಲೀಟರ್ ದ್ರಾವಣಕ್ಕೆ 2 ಗ್ರಾಂ ಹಾಕಿದಾಗ ಲೀಟರಿಗೆ 10 ಮಿಲಿಗ್ರಾಂ ಇದ್ದ ಮಿಥಿಲೀನ್ ಬ್ಲೂ ಶೇಕಡಾ 98ರಷ್ಟು ಹೋಯಿತು. ಆದರೆ ಪರಿಚಯದವರು ಡೈಯಿಂಗ್ ಘಟಕದಿಂದ ತಂದುಕೊಟ್ಟ ನಿಜವಾದ ನೀರಿನ ಕೆಂಪು ಬಣ್ಣ ಕದಲಲೇ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಮಗಳೇ, ನಿನ್ನ ಪ್ರಯೋಗ ತಪ್ಪಿಲ್ಲ, ನೀನು ಆರಿಸಿಕೊಂಡ ಎದುರಾಳಿ ಬಹಳ ಸುಲಭದವನು. ಮಿಥಿಲೀನ್ ಬ್ಲೂ ಧನ ಆವೇಶದ ಚಿಕ್ಕ ಅಣು, ಆಮ್ಲದಿಂದ ಸಂಸ್ಕರಿಸಿದ ಇದ್ದಿಲಿನ ಮೇಲ್ಮೈ ಋಣ ಆವೇಶದ್ದು. ಅವೆರಡೂ ಸೇರಲು ಕಾದಿರುತ್ತವೆ. ಹತ್ತಿಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳು ಹಾಗಲ್ಲ. ಅವು ನೀರಿನಲ್ಲಿ ಕರಗಲೆಂದು ಅವುಗಳಿಗೆ ಸಲ್ಫೋನೇಟ್ ಗುಂಪುಗಳನ್ನು ಸೇರಿಸಿರುತ್ತಾರೆ, ಆದ್ದರಿಂದ ಅವು ಋಣ ಆವೇಶದವು. ನಿನ್ನ ಇದ್ದಿಲು ಅವನ್ನು ಹತ್ತಿರಕ್ಕೇ ಬಿಟ್ಟುಕೊಳ್ಳುವುದಿಲ್ಲ. ಜೊತೆಗೆ ಆ ನೀರಿನಲ್ಲಿ ಬಣ್ಣ ಬಟ್ಟೆಗೆ ಕಚ್ಚಲೆಂದು ಸುರಿದ ಉಪ್ಪು ಧಾರಾಳವಾಗಿರುತ್ತದೆ, ಪಿಎಚ್ 10ರಿಂದ 11ರವರೆಗೂ ಇರುತ್ತದೆ. ಮೂರನೆಯದು ರಂಧ್ರಗಳ ಗಾತ್ರ. ತೆಂಗಿನ ಗೆರಟೆಯ ಇದ್ದಿಲಿನಲ್ಲಿ ಹೆಚ್ಚಿನವು 2 ನ್ಯಾನೊಮೀಟರಿಗಿಂತ ಕಿರಿದಾದ ಸೂಕ್ಷ್ಮ ರಂಧ್ರಗಳು. ದೊಡ್ಡ ಬಣ್ಣದ ಅಣುಗಳು ಅದರ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತವೆ. ಹೀಗೆ ಸಂಸ್ಕರಿಸಿದ ಇದ್ದಿಲಿನ, ಅಂದರೆ ಸಕ್ರಿಯ ಇಂಗಾಲದ, ಒಂದು ಗ್ರಾಂನಲ್ಲಿ ಸಾವಿರ ಚದರ ಮೀಟರ್ ಮೇಲ್ಮೈ ಇದ್ದರೂ, ಒಳಗೆ ಹೋಗಲಾರದ ಅಣುವಿಗೆ ಅದು ಇದ್ದೂ ಇಲ್ಲದಂತೆ.

ಆ 98 ಎಂಬ ಅಂಕಿಯನ್ನೂ ಸ್ವಲ್ಪ ಬಿಡಿಸಿ ನೋಡು. 100 ಮಿಲಿಲೀಟರಿನಲ್ಲಿ ಇದ್ದದ್ದು 1 ಮಿಲಿಗ್ರಾಂ ಬಣ್ಣ, ನೀನು ಹಾಕಿದ್ದು 2 ಗ್ರಾಂ ಇದ್ದಿಲು. ಅಂದರೆ ಗ್ರಾಂ ಇದ್ದಿಲು ಹಿಡಿದದ್ದು ಅರ್ಧ ಮಿಲಿಗ್ರಾಂಗಿಂತಲೂ ಕಡಿಮೆ. ಇದೇ ಪ್ರಮಾಣದಲ್ಲಿ ಸಾವಿರ ಲೀಟರ್ ನೀರಿಗೆ 20 ಕಿಲೋ ಇದ್ದಿಲು ಸುರಿದು 10 ಗ್ರಾಂ ಬಣ್ಣ ತೆಗೆದಂತಾಗುತ್ತದೆ. ಶೇಕಡಾವಾರು ಎಂಬುದು ಪುಡಿ ಹೆಚ್ಚು ಹಾಕಿದಷ್ಟೂ ಏರುವ ಅಂಕಿ. ಅದರಿಂದ ವಸ್ತುವಿನ ಯೋಗ್ಯತೆ ತಿಳಿಯದು. ಪುಡಿಯ ಪ್ರಮಾಣವನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿ, ಬಣ್ಣದ ಸಾಂದ್ರತೆಯನ್ನು ಹಂತಹಂತವಾಗಿ 10ರಿಂದ 500 ಮಿಲಿಗ್ರಾಂವರೆಗೆ ಏರಿಸುತ್ತಾ, ಪ್ರತಿ ಹಂತದಲ್ಲಿ ಗ್ರಾಂಗೆ ಎಷ್ಟು ಅಂಟಿತು ಎಂದು ಗ್ರಾಫ್ ಎಳೆ. ಇರ್ವಿಂಗ್ ಲ್ಯಾಂಗ್‌ಮ್ಯೂರ್ 1918ರಲ್ಲಿ ಪ್ರಕಟಿಸಿದ, ಮೇಲ್ಮೈಗೆ ಎಷ್ಟು ಅಂಟುತ್ತದೆಂದು ಹೇಳುವ ಸಮೀಕರಣಕ್ಕೆ ಅದು ಹೊಂದುತ್ತದೆಯೇ ಎಂದು ನೋಡಿದರೆ ನಿನ್ನ ಇದ್ದಿಲಿನ ನಿಜವಾದ ಸಾಮರ್ಥ್ಯ ಸಿಗುತ್ತದೆ.

ಕೆಂಪು ಬಣ್ಣಕ್ಕೆ ನಿನ್ನ ಇದ್ದಿಲಿನ ಮೇಲೆ ಅಮೈನ್ ಅಥವಾ ಕ್ವಾಟರ್ನರಿ ಅಮೋನಿಯಂ ಗುಂಪುಗಳನ್ನು ಕೂಡಿಸಿ ಧನ ಆವೇಶ ತರಬೇಕಾಗುತ್ತದೆ, ರಂಧ್ರಗಳನ್ನೂ ಹಿಗ್ಗಿಸಬೇಕಾಗುತ್ತದೆ. ಹಾಗೆ ಮಾಡುವಾಗ ಮೂರು ಸೀಸೆಗಳನ್ನು ತಪ್ಪದೆ ಜೊತೆಗಿಡು: ಪುಡಿಯೇ ಇಲ್ಲದ ಬಣ್ಣದ ನೀರು, ಮಾರ್ಪಡಿಸದ ಇದ್ದಿಲು ಹಾಕಿದ ಬಣ್ಣದ ನೀರು, ಮಾರ್ಪಡಿಸಿದ ಇದ್ದಿಲು ಹಾಕಿದ ಬರೀ ನೀರು. ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ. ನಾವು ಅಂಟಿಸಿದ ರಾಸಾಯನಿಕವೇ ತೊಳೆದು ನೀರಿಗೆ ಬರುತ್ತಿದ್ದರೆ ಒಂದು ಮಾಲಿನ್ಯ ತೆಗೆದು ಇನ್ನೊಂದನ್ನು ಸೇರಿಸಿದಂತೆ. ನಿನ್ನ ಪ್ರಬಂಧದಲ್ಲಿ ಕೆಂಪು ನೀರು ಸೋಲಿಸಿದ ಆ ಫಲಿತಾಂಶವನ್ನೂ ಬರೆ. ಪರೀಕ್ಷಕರು ನೀಲಿಯ 98ಕ್ಕಿಂತ ಅದನ್ನು ಹೆಚ್ಚು ಆಸಕ್ತಿಯಿಂದ ಓದುತ್ತಾರೆ ಎಂದು ನನಗೆ ನಂಬಿಕೆಯಿದೆ.

ಪ್ರಶ್ನೆ: ನಾವು ಕಾರವಾರದವರು, ಈಗ ಗೋವಾದ ವಾಸ್ಕೋದಲ್ಲಿದ್ದೇವೆ. ಇಲ್ಲಿ ಸಿಗಡಿ, ಏಡಿಗಳ ಚಿಪ್ಪು ರಾಶಿಗಟ್ಟಲೆ ಕೊಳೆತು ನಾರುತ್ತದೆ. ಅದರಿಂದ ಲೋಹ ಹಿಡಿಯುವ ವಸ್ತು ಮಾಡಬಹುದೆಂದು ನೀವು ಬರೆದಿದ್ದಿರಿ. ನಮ್ಮ ಮಹಿಳಾ ಗುಂಪಿನಲ್ಲಿ ಇದನ್ನು ತಯಾರಿಸಲು ಸಾಧ್ಯವೇ?

ಉತ್ತರ: ಅಕ್ಕಾ, ನಿಮ್ಮ ಯೋಚನೆಯ ದಿಕ್ಕು ಸರಿಯಾಗಿದೆ, ಆದರೆ ಮನೆಯಂಗಳದಲ್ಲಿ ಮಾಡುವ ಕೆಲಸ ಇದಲ್ಲ. ಚಿಪ್ಪಿನಲ್ಲಿ ಸುಣ್ಣದ ಅಂಶ, ಪ್ರೋಟೀನ್ ಮತ್ತು ಕೈಟಿನ್ ಎಂಬ ನಾರಿನಂಥ ವಸ್ತು ಬೆರೆತಿರುತ್ತವೆ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಣ್ಣವನ್ನೂ, ತೆಳು ಕಾಸ್ಟಿಕ್ ಸೋಡಾದಲ್ಲಿ ಪ್ರೋಟೀನನ್ನೂ ಕಳೆದರೆ ಕೈಟಿನ್ ಉಳಿಯುತ್ತದೆ. ಅದನ್ನು ಶೇಕಡಾ 40-50ರಷ್ಟು ಗಾಢವಾದ ಬಿಸಿ ಕಾಸ್ಟಿಕ್‌ನಲ್ಲಿ ಬೇಯಿಸಿದಾಗ ಕೈಟೋಸಾನ್ ಆಗುತ್ತದೆ. ಆ ದ್ರಾವಣ ಕಣ್ಣಿಗೆ ಒಂದು ಹನಿ ಸಿಡಿದರೂ ದೃಷ್ಟಿ ಹೋಗುವ ಭಯವಿದೆ. ಹೊರಬರುವ ಕ್ಷಾರದ ನೀರನ್ನು ಸಂಸ್ಕರಿಸದೆ ಚರಂಡಿಗೆ ಬಿಟ್ಟರೆ ನೀವೇ ಒಂದು ಮಾಲಿನ್ಯದ ಮೂಲವಾಗುತ್ತೀರಿ.

ಕೈಟೋಸಾನಿನ ಶಕ್ತಿ ಅದರ ಅಮೈನ್ ಗುಂಪುಗಳಲ್ಲಿದೆ. ತಾಮ್ರ, ನಿಕ್ಕೆಲ್, ಪಾದರಸಗಳನ್ನು ಅವು ಕೈಹಿಡಿದಂತೆ ಹಿಡಿದುಕೊಳ್ಳುತ್ತವೆ. ಸ್ವಲ್ಪ ಆಮ್ಲೀಯವಾದ ನೀರಿನಲ್ಲಿ ಅವುಗಳಿಗೆ ಧನ ಆವೇಶ ಬರುವುದರಿಂದ ಋಣ ಆವೇಶದ ಬಣ್ಣಗಳನ್ನೂ ಕ್ರೋಮೇಟನ್ನೂ ಸೆಳೆಯುತ್ತವೆ. ಇದರ ಗುಳಿಗೆ ಮಾಡುವುದನ್ನು ನೋಡಿದರೆ ನಿಮಗೆ ಅಡುಗೆಮನೆ ನೆನಪಾದೀತು. ಕೈಟೋಸಾನನ್ನು ತೆಳು ಅಸೆಟಿಕ್ ಆಮ್ಲದಲ್ಲಿ ಅಂಬಲಿಯಂತೆ ಕರಗಿಸಿ, ಸೂಜಿಯ ತುದಿಯಿಂದ ಕಾಸ್ಟಿಕ್ ದ್ರಾವಣಕ್ಕೆ ಹನಿಹನಿಯಾಗಿ ಬಿಡುತ್ತಾರೆ. ಪ್ರತಿ ಹನಿಯೂ ಬಿದ್ದ ಕ್ಷಣವೇ ಗಟ್ಟಿಯಾಗಿ, ಪಾಯಸದಲ್ಲಿ ಬೆಂದ ಸಾಬಕ್ಕಿಯ ಕಾಳಿನಂತೆ ಉರುಳುತ್ತಾ ತಳಕ್ಕೆ ಇಳಿಯುತ್ತದೆ. ತೊಂದರೆ ಏನೆಂದರೆ ಆಮ್ಲದ ನೀರು ಸಿಕ್ಕರೆ ಈ ಕಾಳುಗಳು ಮತ್ತೆ ಕರಗಿಬಿಡುತ್ತವೆ. ಕರಗದಿರಲೆಂದು ಗ್ಲುಟರಾಲ್ಡಿಹೈಡ್‌ನಂಥ ರಾಸಾಯನಿಕದಿಂದ ಎಳೆಗಳನ್ನು ಒಂದಕ್ಕೊಂದು ಹೊಲಿಯುತ್ತಾರೆ. ಆದರೆ ಆ ಹೊಲಿಗೆಗೆ ಬಳಕೆಯಾಗುವುದೂ ಅಮೈನ್ ಗುಂಪುಗಳೇ, ಆದ್ದರಿಂದ ಕಾಳು ಗಟ್ಟಿಯಾದಷ್ಟೂ ಲೋಹ ಹಿಡಿಯುವ ಶಕ್ತಿ ಕುಗ್ಗುತ್ತದೆ. ಮಾರ್ಪಡಿಸುವ ಕೆಲಸದಲ್ಲಿ ಹೀಗೆ ಒಂದನ್ನು ಗಳಿಸಲು ಇನ್ನೊಂದನ್ನು ತೆರಬೇಕಾಗುತ್ತದೆ.

ನಿಮ್ಮ ಗುಂಪು ಮಾಡಬಹುದಾದದ್ದು ಇದರ ಮೊದಲ ಹೆಜ್ಜೆ. ಚಿಪ್ಪು ಕೊಳೆಯುವ ಮೊದಲೇ ಸಂಗ್ರಹಿಸಿ, ತೊಳೆದು, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಸಿಗಡಿ ಮತ್ತು ಏಡಿಯನ್ನು ಬೇರೆ ಬೇರೆ ಚೀಲಗಳಲ್ಲಿ ಕಟ್ಟಿಡಿ. ಕೈಟಿನ್ ತಯಾರಕರಿಗೆ ಬೇಕಾದದ್ದು ಅಂಥ ಶುದ್ಧ ಒಣ ಚಿಪ್ಪು. ಕೊಂಡುಕೊಳ್ಳುವವರು ಇದ್ದಾರೆಂದು ಮೊದಲು ಖಚಿತಪಡಿಸಿಕೊಂಡು ಆಮೇಲೆ ಕೆಲಸಕ್ಕಿಳಿಯಿರಿ.

ಪ್ರಶ್ನೆ: ಪುಣೆಯ ಸುತ್ತಲಿನ ಕಲ್ಲುಕ್ವಾರಿಗಳಲ್ಲಿ ಸಿಗುವ ಹೊಳೆಯುವ ಹರಳುಗಳು ಜಿಯೋಲೈಟ್ ಎಂದು ಕೇಳಿದ್ದೇನೆ. ಅವನ್ನೇ ಪುಡಿಮಾಡಿ ಬಳಸಬಾರದೇಕೆ?

ಉತ್ತರ: ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯ ಪೊಳ್ಳುಗಳಲ್ಲಿ ಸ್ಟಿಲ್‌ಬೈಟ್, ಹ್ಯೂಲಂಡೈಟ್ ಮುಂತಾದ ಜಿಯೋಲೈಟ್ (ಒಳಗೆ ಸೂಕ್ಷ್ಮ ಕಿಂಡಿಗಳಿರುವ ಖನಿಜ) ಹರಳುಗಳು ಬೆಳೆದಿರುವುದು ನಿಜ, ಮತ್ತು ಅವುಗಳ ಚೆಲುವಿಗೆ ಜಗತ್ತಿನ ಸಂಗ್ರಹಕಾರರು ಬೆಲೆ ಕೊಡುತ್ತಾರೆ. ಆದರೆ ಅವು ಪೊಳ್ಳುಗಳಲ್ಲಿ ಅಲ್ಲಲ್ಲಿ ಸಿಗುವ ಹರಳುಗಳು, ಟನ್‌ಗಟ್ಟಲೆ ಪುಡಿ ಮಾಡುವಷ್ಟು ಗಣಿಯ ಪದರಗಳಲ್ಲ. ಉದ್ದಿಮೆಗೆ ಬೇಕಾದ ಜಿಯೋಲೈಟನ್ನು ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯಿಂದಲೇ ತಯಾರಿಸಬಹುದು. ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳನ್ನು ಕಾಸ್ಟಿಕ್ ದ್ರಾವಣದಲ್ಲಿ 100 ಡಿಗ್ರಿಯ ಸುಮಾರಿಗೆ ಗಂಟೆಗಟ್ಟಲೆ ಕಾಯಿಸಿದಾಗ ಅವು ಕರಗಿ ಮತ್ತೆ ಜಿಯೋಲೈಟ್ ಚೌಕಟ್ಟಾಗಿ ಹರಳುಗಟ್ಟುತ್ತವೆ. ಆ ಚೌಕಟ್ಟಿಗೆ ಋಣ ಆವೇಶವಿದ್ದು, ಒಳಗಿನ ಸೋಡಿಯಂ ಬಿಟ್ಟುಕೊಟ್ಟು ಸೀಸ, ಅಮೋನಿಯಂಗಳನ್ನು ಚೆನ್ನಾಗಿ ಸೇರಿಸಿಕೊಳ್ಳುತ್ತದೆ. ಕ್ರೋಮೇಟ್‌ಗಾಗಲೀ ಎಣ್ಣೆಯಂಥ ಸಾವಯವ ವಸ್ತುಗಳಿಗಾಗಲೀ ಅದು ತಾನಾಗಿ ಒಗ್ಗದು, ಅವುಗಳಿಗಾಗಿ ಉದ್ದ ಸರಪಳಿಯ ಅಮೋನಿಯಂ ಲವಣವನ್ನು ಹೊರಮೈಗೆ ಲೇಪಿಸಬೇಕು. ಗುಜರಾತಿನ ಕಛ್‌ನಿಂದ ಬರುವ ಬೆಂಟೊನೈಟ್ ಜೇಡಿಮಣ್ಣಿಗೂ ಇದೇ ಉಪಾಯ ಸಲ್ಲುತ್ತದೆ. ಹಾರುಬೂದಿಯಲ್ಲಿ ತನ್ನದೇ ಆದ ಆರ್ಸೆನಿಕ್‌ನಂಥ ಅಂಶಗಳಿರಬಹುದಾದ್ದರಿಂದ, ತಯಾರಾದ ಪುಡಿಯಿಂದ ಅವು ನೀರಿಗೆ ಇಳಿಯುತ್ತವೆಯೇ ಎಂದು ನೋಡಿಯೇ ಬಳಸಬೇಕು.

ಪ್ರಶ್ನೆ: 2025ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಲೋಹ-ಸಾವಯವ ಚೌಕಟ್ಟುಗಳು ಇವೆಲ್ಲವನ್ನೂ ಹಿಂದಿಕ್ಕುವುದಿಲ್ಲವೇ? (ಫೋಂಡಾದ ಶಿಕ್ಷಕರು)

ಉತ್ತರ: ಸುಸುಮು ಕಿಟಗಾವ, ರಿಚರ್ಡ್ ರಾಬ್ಸನ್, ಒಮರ್ ಯಾಘಿ ಅವರಿಗೆ ಆ ಬಹುಮಾನ ಬಂದಾಗ ನನಗೆ ಬಹಳ ಸಂತೋಷವಾಯಿತು. ಲೋಹದ ಗಂಟುಗಳನ್ನು ಸಾವಯವ ಸರಳುಗಳಿಂದ ಜೋಡಿಸಿದ ಈ ಹರಳುಗಳಲ್ಲಿ ಗ್ರಾಂಗೆ ಹಲವು ಸಾವಿರ ಚದರ ಮೀಟರ್ ಮೇಲ್ಮೈ ಸಿಗುತ್ತದೆ, ಕಿಂಡಿಗಳ ಗಾತ್ರವನ್ನು ಬೇಕಾದಂತೆ ರೂಪಿಸಬಹುದು. ಆದರೆ ಅವುಗಳಲ್ಲಿ ಅನೇಕವು ನೀರಿನಲ್ಲೇ ಕಳಚಿಕೊಳ್ಳುತ್ತವೆ. ಜಿರ್ಕೋನಿಯಂ ಆಧಾರಿತ ಕೆಲವು ಚೌಕಟ್ಟುಗಳು ನೀರಿಗೆ ಚೆನ್ನಾಗಿ ತಡೆದುಕೊಳ್ಳುತ್ತವೆ, ಆದರೆ ಬೆಲೆ ಇದ್ದಿಲಿಗಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಪ ಪ್ರಮಾಣದಲ್ಲಿರುವ, ಬೇರೆ ಯಾವುದಕ್ಕೂ ಜಗ್ಗದ ವಿಷಕ್ಕೆ ಇವು ತಕ್ಕವು. ಡೈಯಿಂಗ್ ಘಟಕದ ಲಕ್ಷ ಲೀಟರ್ ನೀರಿಗೆ ಸದ್ಯಕ್ಕೆ ಅಲ್ಲ.

ಪ್ರಶ್ನೆ: ಅಂಬರನಾಥದಲ್ಲಿ ನಮ್ಮ ಚಾಳಿನ ಬೋರ್‌ವೆಲ್ ನೀರು ಒಮ್ಮೊಮ್ಮೆ ಹಳದಿ ಛಾಯೆಯಲ್ಲಿ ಬರುತ್ತದೆ, ವಾಸನೆಯೂ ಇದೆ. ಒಲೆಯ ಇದ್ದಿಲು, ನುಗ್ಗೆ ಬೀಜ, ಪಟಿಕ ಇವುಗಳಿಂದ ಶುದ್ಧ ಮಾಡಿಕೊಳ್ಳಬಹುದೇ?

ಉತ್ತರ: ದಯವಿಟ್ಟು ಆ ನೀರನ್ನು ಕುಡಿಯಲು, ಅಡುಗೆಗೆ ಇವತ್ತಿನಿಂದಲೇ ಬಳಸಬೇಡಿ. ನುಗ್ಗೆ ಬೀಜ ಮತ್ತು ಪಟಿಕ ಕೆಸರಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತವೆ, ಕರಗಿರುವ ಲೋಹಗಳ ಮಟ್ಟಿಗೆ ಅವನ್ನು ನೆಚ್ಚಿಕೊಳ್ಳುವಂತಿಲ್ಲ. ಕುದಿಸಿದರೆ ನೀರು ಆವಿಯಾಗಿ ಲೋಹ ಇನ್ನಷ್ಟು ದಟ್ಟವಾಗುತ್ತದೆ. ಒಲೆಯ ಇದ್ದಿಲಿಗೆ ಬೂದಿ ಮೆತ್ತಿರುತ್ತದೆ, ಅದರ ರಂಧ್ರಗಳು ತೆರೆದಿರುವುದಿಲ್ಲ. ಅಂಗಡಿಯ ಕಾರ್ಬನ್ ಫಿಲ್ಟರ್ ಕ್ಲೋರಿನ್ ಮತ್ತು ವಾಸನೆಯನ್ನು ತೆಗೆಯಬಲ್ಲದು, ಲೋಹಗಳ ಭರವಸೆ ಕೊಡಲಾರದು. ವಾಸನೆ ಹೋದದ್ದನ್ನೇ ಶುದ್ಧಿಯೆಂದು ನಂಬಿ ಕುಡಿಯುವುದು ಎಲ್ಲಕ್ಕಿಂತ ಅಪಾಯ. ಆರ್‌ಓ ಯಂತ್ರ ಹೆಚ್ಚಿನ ಲೋಹಗಳನ್ನು ತಡೆಯುತ್ತದೆ, ಆದರೆ ನೀರಿನಲ್ಲಿ ಏನಿದೆಯೆಂದು ತಿಳಿಯದೆ ಅದರ ಮೇಲೂ ಪೂರ್ತಿ ಭಾರ ಹಾಕಬಾರದು.

ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕೆಲ್, ಪಾದರಸ, ಆರ್ಸೆನಿಕ್ ಇಷ್ಟನ್ನಾದರೂ ಪರೀಕ್ಷಿಸಲು ಚಾಳಿನವರೆಲ್ಲ ಸೇರಿ ಹಣ ಹಾಕಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ ಸೀಸ 0.01, ಕ್ಯಾಡ್ಮಿಯಂ 0.003, ಪಾದರಸ 0.001, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ. ವರದಿ ಬಂದ ಮೇಲೆ ಅದರ ಪ್ರತಿಯೊಂದಿಗೆ ನಗರಪರಿಷತ್ತಿಗೂ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಡಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹಳದಿ ನೀರು ಬಂದ ದಿನ ಮತ್ತು ವೇಳೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ ಆ ದೂರಿಗೆ ಬಲ ಬರುತ್ತದೆ.

ಪ್ರಶ್ನೆ: ನಾನು ತಳೋಜದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸಗಾರ, ಯಾದಗಿರಿ ಜಿಲ್ಲೆಯವನು. ಕ್ರೋಮಿಯಂ ನೀರು ಸೋಸಿದ ಕಪ್ಪು ಪುಡಿಯನ್ನು ಚೀಲಕ್ಕೆ ತುಂಬಿ ಶೆಡ್ಡಿನ ಹೊರಗೆ ಸುಣ್ಣದ ಚೀಲಗಳ ಪಕ್ಕ ಪೇರಿಸುತ್ತೇವೆ. ಮಳೆ ಬಂದಾಗ ಚೀಲಗಳ ಬುಡದಿಂದ ಅರಿಶಿನ ಕಲಸಿದಂಥ ನೀರು ಹರಿಯುತ್ತದೆ. ಇದು ಏನು? ನಮಗೆ ಅಪಾಯವೇ?

ಉತ್ತರ: ತಮ್ಮಾ, ನೀನು ಬರೆದ ವಿವರವೇ ಉತ್ತರವನ್ನು ಹೇಳುತ್ತಿದೆ. ಆಮ್ಲದ ನೀರಿನಲ್ಲಿ ಪುಡಿಗೆ ಅಂಟಿಕೊಂಡ ಕ್ರೋಮೇಟ್ ಕ್ಷಾರದ ನೀರು ತಗುಲಿದರೆ ಬಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಪುಡಿಯನ್ನು ಮರುಬಳಕೆಗೆ ತೊಳೆಯುವುದೂ ಕಾಸ್ಟಿಕ್‌ನಿಂದಲೇ. ನಿಮ್ಮಲ್ಲಿ ಮಳೆನೀರು ಸುಣ್ಣದ ಚೀಲಗಳ ಮೇಲೆ ಹರಿದು, ಕ್ಷಾರವಾಗಿ, ಪಕ್ಕದ ಪುಡಿಯನ್ನು ತೊಳೆಯುತ್ತಿರುವಂತಿದೆ. ಆ ಹಳದಿ ಬಹುಶಃ ಕ್ರೋಮ್ ಸಿಕ್ಸ್‌ನದೇ. ಇಷ್ಟು ಖರ್ಚು ಮಾಡಿ ನೀರಿನಿಂದ ತೆಗೆದ ವಿಷ ಒಂದೇ ಮಳೆಗೆ ಮರಳಿ ಕಾಸಾಡಿ ನದಿಯ ದಾರಿ ಹಿಡಿಯುತ್ತದೆ. 2017ರ ಆಗಸ್ಟಿನಲ್ಲಿ ನಿಮ್ಮ ತಳೋಜದಲ್ಲೇ ಕಾರ್ಖಾನೆಯ ಬಣ್ಣ ತಗುಲಿ ಬೀದಿನಾಯಿಗಳ ಮೈ ನೀಲಿಯಾದಾಗ ಊರೆಲ್ಲ ಮಾತಾಡಿತು, ಏಕೆಂದರೆ ಬಣ್ಣ ಕಣ್ಣಿಗೆ ಕಾಣುತ್ತಿತ್ತು. ನಿನ್ನ ಚೀಲಗಳಿಂದ ಹರಿಯುವ ಹಳದಿ ಚರಂಡಿ ಸೇರಿ ಹತ್ತು ಮಾರು ಹೋಗುವಷ್ಟರಲ್ಲಿ ಕಾಣದಾಗುತ್ತದೆ, ಆದರೆ ಅದರಲ್ಲಿರುವ ವಿಷ ಹಾಗೆಯೇ ಉಳಿಯುತ್ತದೆ.

ನಿಮಗೆ ಅಪಾಯ ಇದೆ. ಕ್ರೋಮ್ ಸಿಕ್ಸ್ ಚರ್ಮದ ಮೇಲೆ ಹುಣ್ಣು ಮಾಡುತ್ತದೆ, ಧೂಳಾಗಿ ಉಸಿರಿನೊಂದಿಗೆ ಹೋದರೆ ಮೂಗಿನ ಒಳಗೋಡೆಯನ್ನು ತಿನ್ನುತ್ತದೆ, ವರ್ಷಾನುಗಟ್ಟಲೆ ಆದರೆ ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಬರಿಗೈಯಲ್ಲಿ ಚೀಲ ಮುಟ್ಟಬೇಡ, ಒಣಪುಡಿ ತುಂಬುವಾಗ ಧೂಳು ತಡೆಯುವ ಸರಿಯಾದ ಮಾಸ್ಕ್ ಕೇಳು, ಆ ಬಟ್ಟೆಯಲ್ಲೇ ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬೇಡ. ಮೂಗಿನಲ್ಲಿ ಪದೇಪದೇ ರಕ್ತ ಬಂದರೆ ವೈದ್ಯರಿಗೆ ನಿನ್ನ ಕೆಲಸ ಏನೆಂದು ಬಿಡಿಸಿ ಹೇಳು, ಇಲ್ಲವಾದರೆ ಅವರು ನೆಗಡಿಯೆಂದು ಮಾತ್ರೆ ಕೊಟ್ಟು ಕಳಿಸುತ್ತಾರೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಪುಡಿಯನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಸೂರಿನಡಿ, ಸೋರದ ನೆಲದ ಮೇಲೆ, ಚೀಟಿ ಅಂಟಿಸಿ ಇಡಬೇಕು, ಆಮೇಲೆ ದಾಖಲೆಪತ್ರದೊಂದಿಗೆ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಕಳಿಸಬೇಕು. ಅಂಥ ಕೇಂದ್ರ ನಿಮ್ಮ ತಳೋಜದಲ್ಲೇ ಇದೆ. ಸೂಪರ್‌ವೈಸರ್ ಬಳಿ ಮಾತಾಡುವಾಗ ನಿಯಮದಿಂದ ಆರಂಭಿಸಬೇಡ, ಸುಣ್ಣದ ಚೀಲಗಳಿಂದ ಆರಂಭಿಸು. ಸುಣ್ಣವನ್ನು ಶೆಡ್ಡಿನ ಒಂದು ಮೂಲೆಗೆ, ಕಪ್ಪು ಪುಡಿಯನ್ನು ಮರದ ಹಲಗೆಯ ಮೇಲೆ ಇನ್ನೊಂದು ಮೂಲೆಗೆ ಸರಿಸಲು ಅರ್ಧ ದಿನ ಸಾಕು, ಅದಕ್ಕೆ ಯಾರ ಅನುಮತಿಪತ್ರವೂ ಬೇಕಿಲ್ಲ. ಅವರು ಒಪ್ಪದಿದ್ದರೆ ಮುಂದಿನ ಮಳೆಯಲ್ಲಿ ಕೈಗವಸು ಹಾಕಿಕೊಂಡು ಆ ಹಳದಿ ನೀರನ್ನು ಒಂದು ಶುದ್ಧ ಬಾಟಲಿಗೆ ಹಿಡಿದು, ಮುಚ್ಚಳ ಬಿಗಿಮಾಡಿ, ದಿನಾಂಕ ಬರೆದು ಈ ಪತ್ರಿಕೆಯ ವಿಳಾಸಕ್ಕೆ ತಿಳಿಸು. ಅದನ್ನು ಪರೀಕ್ಷೆಗೆ ಮುಟ್ಟಿಸುವ ಹೊಣೆ ನನ್ನದು.